ಸೀಟಿ ಹೊಡೆದ ಕರ್ನಲ್

"ಇಲ್ಲದ ಮನುಷ್ಯನ ಹೆಸರಲ್ಲಿ ಸೈನ್ಯದ ಹಾಡು! ಇದಕ್ಕಿಂತ ತಮಾಷೆ ಬೇಕಾ?" ಭಟ್ಟ ಶುರು ಹಚ್ಚಿಕೊಂಡ. ವಿಷಯ 'ಕರ್ನಲ್ ಬೋಗಿ ಮಾರ್ಚ್', ಸಿಪಾಯಿಗಳು ಹೆಜ್ಜೆ ಹಾಕುವ ರಾಗ.

"ಕರ್ನಲ್ ಇರಲೇ ಇಲ್ವಾ?" ಶೀನನ ಬಾಯಿ ತೆರೆದೇ ಇತ್ತು.

"ಎಲ್ಲಿಂದ ಇರ್ತಾನೆ? ಗೋಲ್ಫಿನವರು ತಮ್ಮ ಆಟ ಅಳೆಯೋಕೆ ಕಲ್ಪನೆಯಲ್ಲೇ ಒಬ್ಬ ಎದುರಾಳಿಯನ್ನು ಇಟ್ಟುಕೊಂಡಿದ್ದರು. ಅವನೇ ಕರ್ನಲ್ ಬೋಗಿ. ಹಾಡು 1914ರದ್ದು. ಬರೆದವನು ಬ್ರಿಟಿಷ್ ಸೈನ್ಯದ ಬ್ಯಾಂಡ್‌ಮಾಸ್ಟರ್ ರಿಕೆಟ್ಸ್. ಸೈನ್ಯದಲ್ಲಿದ್ದುಕೊಂಡು ಹೊರಗೆ ಸಂಗೀತ ಮಾರಿದರೆ ಮೇಲಿನವರಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಕೆನೆತ್ ಆಲ್ಫರ್ಡ್ ಅಂತ ಹೆಸರು ಹಾಕಿದ."

"ಅಂದ್ರೆ ಕರ್ನಲ್ಲೂ ಸುಳ್ಳು, ಬರೆದವನ ಹೆಸರೂ ಸುಳ್ಳು. ರಾಗವಾದರೂ ನಿಜವಾ?" ಗಿರಿಜಕ್ಕ ಕೇಳಿದರು.

"ಅದೂ ಕಡ ತಂದದ್ದು ಗಿರಿಜಕ್ಕ! ಚೆಂಡು ಬರ್ತಿದೆ, ಪಕ್ಕಕ್ಕೆ ಸರಿಯಿರಿ ಅಂತ ಗೋಲ್ಫಿನಲ್ಲಿ 'ಫೋರ್' ಎಂದು ಕೂಗಬೇಕು. ಒಬ್ಬ ಆಸಾಮಿ ಕೂಗುವ ಬದಲು ಎರಡು ಸ್ವರ ಸೀಟಿ ಹೊಡೀತಿದ್ದನಂತೆ. ಪ, ಆಮೇಲೆ ಕೆಳಗಿನ ಗ. ರಿಕೆಟ್ಸ್ ಅದನ್ನೇ ಮೊದಲಲ್ಲಿಟ್ಟು ಪೂರ್ತಿ ಮಾರ್ಚ್ ಕಟ್ಟಿದ."

ಶೀನ ಕೂಡಲೇ ಪ–ಗ ಸೀಟಿ ಹೊಡೆದ. ಸಪ್ಲೈಯರ್ ಓಡಿ ಬಂದ. ಇನ್ನೊಂದು ಪ್ಲೇಟ್ ಇಡ್ಲಿ ಹೇಳಬೇಕಾಯಿತು.

"ಸಿನಿಮಾದಲ್ಲೂ ಸೀಟಿಯೇ ಅಲ್ವಾ? 'ದಿ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್'?" ಶೀನ ಕೇಳಿದ.

"ಹೌದು, 1957. ಎರಡನೇ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸಿಪಾಯಿಗಳು ಈ ರಾಗಕ್ಕೆ ಹಿಟ್ಲರನ ಮೇಲೆ ಪೋಲಿ ಮಾತು ಸೇರಿಸಿದ್ದರು. ಗಿರಿಜಕ್ಕನ ಮುಂದೆ ಹೇಳೋ ಹಾಗಿಲ್ಲ."

"ನಾನು ಕೇಳಿದ್ದೇನೆ, ಮುಂದೆ ಹೇಳು."

"ತೆರೆಯ ಮೇಲೆ ಆ ಮಾತು ಹಾಕೋಕಾಗುತ್ತಾ? ಸೀಟಿಯಲ್ಲೇ ಮುಗಿಸಿದರು. ಜಪಾನೀಯರ ಸೆರೆಸಿಕ್ಕ ಬ್ರಿಟಿಷ್ ಸಿಪಾಯಿಗಳು ಬರೀ ಸೀಟಿ ಹೊಡೆಯುತ್ತಾ ಬರ್ತಾರೆ, ವಾದ್ಯ ಒಂದೂ ಇಲ್ಲ. ಆಮೇಲೆ ಮೆಲ್ಲಗೆ ಆರ್ಕೆಸ್ಟ್ರಾ ಸೇರಿಕೊಳ್ಳುತ್ತೆ. ಸಿನಿಮಾಕ್ಕೆ ಸಂಗೀತ ಕೊಟ್ಟ ಮಾಲ್ಕಮ್ ಆರ್ನಾಲ್ಡ್ ಅದರ ಮೇಲೆ ತನ್ನದೇ ಇನ್ನೊಂದು ಮಾರ್ಚ್ ಕೂರಿಸಿದ. ಎರಡೂ ಬೇರೆ ಬೇರೆ ರಾಗ. ಒಟ್ಟಿಗೆ ನುಡಿಸಿದರೂ ಜಗಳ ಇಲ್ಲ."

"ನಮ್ಮ ಮನೇಲಿ ಇಬ್ಬರು ಒಂದೇ ಮಾತಾಡಿದರೂ ಜಗಳ," ಅಂದ ಶೀನ. "ಅಲ್ಲಾ ಭಟ್ಟ, ಅಷ್ಟು ಹಿಟ್ ಆಯ್ತಲ್ಲ. ಎರಡು ಸ್ವರ ಕೊಟ್ಟ ಆ ಗೋಲ್ಫಿನವನಿಗೆ ರಾಯಲ್ಟಿ?"

ಭಟ್ಟ ಚಟ್ನಿಯ ಕಡೆ ನೋಡಿದ.

"ಗೋಲ್ಫ್ ಆಡೋರಿಗೆ ದುಡ್ಡಿಗೇನು ಬರವಾ?" ಅಂದರು ಗಿರಿಜಕ್ಕ. "ಶೀನ, ಸೀಟಿ ಹೊಡೆದು ತರಿಸಿದ ಇಡ್ಲಿಯ ಬಿಲ್ಲು ನಿಂದೇ ಕಣೋ."