ಲೇನ್ ಡಿವಿಡಿ: ಬಾಚಣಿಗೆ ಗೆರೆ, ಮುಂದೋಡುವ ಸಬ್‌ಟೈಟಲ್, ಗುಂಯ್ ಸದ್ದು. ಯಾವುದು ದೋಷ, ಯಾವುದಲ್ಲ?

ಪದರ13:
ನಮಸ್ಕಾರ. 1998ರ ಜಪಾನಿ ಅನಿಮೇಷನ್ ‘ಸೀರಿಯಲ್ ಎಕ್ಸ್‌ಪೆರಿಮೆಂಟ್ಸ್ ಲೇನ್’ ಸರಣಿಯ 13 ಕಂತುಗಳಿಗೆ ಕನ್ನಡ ಸಬ್‌ಟೈಟಲ್ ಕೂರಿಸುತ್ತಿದ್ದೇನೆ. ವಿಡಿಯೊ ಎನ್‌ಟಿಎಸ್‌ಸಿ (ಜಪಾನ್, ಅಮೆರಿಕದ ಟಿವಿ ಮಾದರಿ) ಡಿವಿಡಿಯದು, 720×480, ಸೆಕೆಂಡಿಗೆ 29.97 ಫ್ರೇಮ್. ಸಬ್‌ಟೈಟಲ್‌ನ ಟೈಮಿಂಗ್ ತೆಗೆದುಕೊಂಡದ್ದು ಯುರೋಪಿನ ಡಿವಿಡಿಗೆ ಮಾಡಿದ ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲಿನಿಂದ.

ತೊಂದರೆಗಳು ಇಷ್ಟು. ದೃಶ್ಯ ಅಡ್ಡಕ್ಕೆ ಸರಿದಾಗ ಕರೆಂಟ್ ತಂತಿ, ಕಂಬಗಳ ಅಂಚು ಬಾಚಣಿಗೆ ಹಲ್ಲಿನಂತೆ ಸೀಳುತ್ತದೆ. ಸಬ್‌ಟೈಟಲ್ ಶುರುವಿನಲ್ಲಿ ಹೆಚ್ಚುಕಮ್ಮಿ ಸರಿ, 10ನೇ ನಿಮಿಷಕ್ಕೆ ಸುಮಾರು 25 ಸೆಕೆಂಡ್ ಮುಂಚೆ, ಕೊನೆಯಲ್ಲಿ ಒಂದು ನಿಮಿಷದಷ್ಟು ಮುಂಚೆ ಬರುತ್ತದೆ. ಪೆನ್‌ಡ್ರೈವ್‌ನಿಂದ ಟಿವಿಯಲ್ಲಿ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಬೀದಿಯ ದೃಶ್ಯಗಳಲ್ಲಿ ಗುಂಯ್ ಎನ್ನುವ ಸದ್ದು, ನೆರಳಿನೊಳಗೆ ಬಣ್ಣದ ಕಲೆಗಳು. ಈ ಕೊನೆಯ ಎರಡಕ್ಕೂ ಡೀನಾಯ್ಸ್ (ಗದ್ದಲ, ಕಲೆ ಅಳಿಸುವ) ಫಿಲ್ಟರ್ ಹಾಕಲೇ?

ಚೌಕಟ್ಟು:
ಡೀನಾಯ್ಸ್ ಸದ್ಯಕ್ಕೆ ಮುಟ್ಟಬೇಡಿ. ಮೊದಲು ಗೆರೆಗಳದ್ದು ಮುಗಿಸೋಣ.

ಅನಿಮೇಷನ್ ಸೆಕೆಂಡಿಗೆ 24 ಫ್ರೇಮ್ ಲೆಕ್ಕದ್ದು, ಡಿವಿಡಿ 29.97ರದ್ದು. ನಾಲ್ಕು ಫ್ರೇಮನ್ನು ಐದು ಮಾಡಲು ಒಂದರ ಬೆಸ ಗೆರೆಗಳನ್ನೂ ಮುಂದಿನದರ ಸಮ ಗೆರೆಗಳನ್ನೂ ಹೆಣೆದಿರುತ್ತಾರೆ. ಇದೇ ಟೆಲಿಸಿನಿ. ಹಾಗಾಗಿ ಐದರಲ್ಲಿ ಮೂರು ಫ್ರೇಮ್ ಶುದ್ಧ, ಎರಡು ಬೆರಕೆ. ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ (E) ಕೀಲಿ ಒತ್ತುತ್ತ ಒಂದೊಂದೇ ಫ್ರೇಮ್ ಮುಂದೆ ಹೋಗಿ ಎಣಿಸಿ. ಇಡೀ ಚಿತ್ರ ಸರಿಯುವ ದೃಶ್ಯವನ್ನೇ ಆರಿಸಿಕೊಳ್ಳಿ. ಪಾತ್ರ ನಿಂತು ಮಾತಾಡುವಾಗ ಒಂದೇ ಚಿತ್ರ ಹಲವು ಫ್ರೇಮ್ ಕದಲದೆ ಇರುವುದರಿಂದ ಲೆಕ್ಕ ಸಿಗುವುದಿಲ್ಲ.

ಮೂರು-ಎರಡರ ಲೆಕ್ಕ ಬಂದರೆ ಬರೀ ಡೀಇಂಟರ್ಲೇಸ್ (ಹೆಣೆದ ಗೆರೆಗಳನ್ನು ಸವರಿ ಬೆರೆಸುವುದು) ಮಾಡಬೇಡಿ. ಗೆರೆ ಹೋಗುತ್ತದೆ, ಆದರೆ ಚಿತ್ರ ಮಂಕಾಗಿ, ಸರಿಯುವ ದೃಶ್ಯ ತಡೆತಡೆದು ಓಡುತ್ತದೆ. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದ ಫಿಲ್ಟರ್ಸ್ ಪುಟದಲ್ಲಿ ಡೀಟೆಲಿಸಿನಿ (ಟೆಲಿಸಿನಿ ಬಿಡಿಸುವುದು) ಆನ್ ಮಾಡಿ, ಅಲ್ಲಿ ಇಲ್ಲಿ ಉಳಿದ ಗೆರೆಗಳಿಗೆ ಡೀಕೋಂಬ್ ಜೊತೆಗಿಡಿ. ವಿಡಿಯೊ ಪುಟದಲ್ಲಿ ಫ್ರೇಮ್ ರೇಟ್ 23.976 (24ರ ನಿಖರ ಲೆಕ್ಕ). ಎಫ್‌ಎಫ್‌ಎಂಪೆಗ್ (ಕಮಾಂಡ್ ಕೊಟ್ಟು ಓಡಿಸುವ ತಂತ್ರಾಂಶ) ಬಳಸುವವರು ಮೊದಲು ಗೆರೆಗಳನ್ನು ಮತ್ತೆ ಜೋಡಿಸುವ ಫೀಲ್ಡ್‌ಮ್ಯಾಚ್, ಆಮೇಲೆ ಹೆಚ್ಚುವರಿ ಫ್ರೇಮ್ ತೆಗೆಯುವ ಡೆಸಿಮೇಟ್ ಹಾಕಬೇಕು. ಕ್ರಮ ಅದಲುಬದಲಾದರೆ ಬೆರಕೆ ಫ್ರೇಮುಗಳು ಹಾಗೇ ಉಳಿಯುತ್ತವೆ. ಇಡೀ ಕಂತು ಓಡಿಸುವ ಮುಂಚೆ ಎರಡು ನಿಮಿಷದ ತುಣುಕು ಮಾಡಿ ನೋಡಿ. ಚಿತ್ರ 4:3ರಲ್ಲೇ ಇರಲಿ.

ಸಬ್‌ಟೈಟಲ್ ಮುಂದೋಡುವುದಕ್ಕೆ ಯುರೋಪಿನ ಟಿವಿ ಮಾದರಿಯಾದ ಪಾಲ್ ಕಾರಣ. ಯುರೋಪಿನ ಡಿವಿಡಿಯಲ್ಲಿ ಅದೇ ಕಂತು 25 ಫ್ರೇಮಿನಲ್ಲಿ ಬೇಗ ಓಡುತ್ತದೆ. 25 ಭಾಗಿಸು 23.976 ಅಂದರೆ 1.0427. ನಿಮ್ಮಲ್ಲಿ 600ನೇ ಸೆಕೆಂಡಿಗೆ ಬರುವ ಮಾತು ಅಲ್ಲಿ 575.4ಕ್ಕೇ ಬಂದುಬಿಡುತ್ತದೆ. 24 ನಿಮಿಷಕ್ಕೆ ವ್ಯತ್ಯಾಸ 59 ಸೆಕೆಂಡ್. ನೀವು ಹೇಳಿದ ಅಂಕಿಗೆ ಸರಿಯಾಗಿ ಹೊಂದುತ್ತದೆ. ಸಬ್‌ಟೈಟಲ್ ಎಡಿಟ್ ತಂತ್ರಾಂಶದ ಸಿಂಕ್ರೊನೈಸೇಶನ್ ಮೆನುವಿನಲ್ಲಿ ಚೇಂಜ್ ಫ್ರೇಮ್ ರೇಟ್ ತೆಗೆದು 25ರಿಂದ 23.976ಕ್ಕೆ ಬದಲಿಸಿ. ವಿಎಲ್‌ಸಿಯ ಜಿ, ಎಚ್ ಕೀಲಿಗಳು ಇಡೀ ಫೈಲನ್ನು ಹಿಂದೆ ಮುಂದೆ ತಳ್ಳುತ್ತವೆ, ಅಷ್ಟೆ. ಬೆಳೆಯುತ್ತ ಹೋಗುವ ಅಂತರಕ್ಕೆ ಅವು ಮದ್ದಲ್ಲ.

ತಂತಿನಾದ:
ಗುಂಯ್ ಸದ್ದಿನ ಬಗ್ಗೆ. ಪಾಸ್ ಒತ್ತಿ. ಸದ್ದು ನಿಂತರೆ ಅದು ಧ್ವನಿಪಥದಲ್ಲೇ ಇದೆ, ಇರಲೇಬೇಕು. ತಂತಿಗಳ ಗುಂಯ್‌ಗುಡುವಿಕೆ ಈ ಸರಣಿಯ ಉಸಿರು. ನಿರ್ದೇಶಕ ನಕಾಮುರಾ ರ್ಯೂತಾರೊ ಮೌನವನ್ನು ಆ ಸದ್ದಿನಿಂದಲೇ ತುಂಬಿಸಿದ್ದಾರೆ. ಕಥಾನಾಯಕಿ ಲೇನ್ ಮನೆಯಿಂದ ಶಾಲೆಗೆ ನಡೆಯುವ ಬೀದಿಯಲ್ಲಿ ಅದನ್ನು ಅಳಿಸಿದರೆ ಉಳಿಯುವುದು ಬರೀ ಬಿಳಿ ಬಿಸಿಲು. ಪಾಸ್ ಒತ್ತಿದರೂ ಸದ್ದು ನಿಲ್ಲದಿದ್ದರೆ ಮಾತ್ರ ಅದು ನಿಮ್ಮ ಆಂಪ್ಲಿಫೈಯರಿನ ಅರ್ತಿಂಗ್ ತೊಂದರೆ. ಎಲ್ಲ ಸಾಧನಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ, ಆಮೇಲೆ ಕೇಬಲ್ ಟಿವಿಯ ತಂತಿ ಬಿಚ್ಚಿ ನೋಡಿ.

ನೆರಳಿನ ಕಲೆಗಳೂ ಬೇಕೆಂದೇ ಬಿಡಿಸಿದವು. ಗುರುತು ಹಿಡಿಯುವುದು ಸುಲಭ. ಒಂದು ಫ್ರೇಮಿನಲ್ಲಿ ನಿಲ್ಲಿಸಿ ದೊಡ್ಡದು ಮಾಡಿ. ಕಲೆಯ ಅಂಚು ದುಂಡಗೆ, ಮಸಿ ಚೆಲ್ಲಿದ ಹಾಗೆ ಇದ್ದು, ನೆರಳಿನ ಗಡಿಯೊಳಗೇ ಉಳಿದರೆ ಅದು ಕಲಾವಿದರದ್ದು. ಚೌಕ ಚೌಕವಾಗಿ 8 ಇಲ್ಲವೇ 16 ಪಿಕ್ಸೆಲ್ ಅಳತೆಯಲ್ಲಿ ಕೂತು, ಗಡಿ ದಾಟಿ ಹರಡಿದರೆ ಅದು ಡಿವಿಡಿಗಾಗಿ ವಿಡಿಯೊ ಕುಗ್ಗಿಸುವ ಎಂಪೆಗ್ ಕಂಪ್ರೆಶನ್ನಿನದ್ದು. ಜೋರಾದ ಡೀನಾಯ್ಸ್‌ಗೆ ಈ ಭೇದ ತಿಳಿಯುವುದಿಲ್ಲ, ಎರಡನ್ನೂ ನುಣ್ಣಗೆ ಸವರಿಬಿಡುತ್ತದೆ. ಬೀದಿ ಕಣ್ಣು ಕುಕ್ಕುವಷ್ಟು ಬೆಳ್ಳಗಿದೆ ಎಂದು ಬ್ರೈಟ್‌ನೆಸ್ ಇಳಿಸುವುದೂ ತಪ್ಪು. ಕತ್ತಲ ಕೋಣೆ ಬೂದಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಕಂಪ್ಯೂಟರ್, ಟಿವಿ ಎರಡರಲ್ಲೂ ಎಚ್‌ಡಿಎಂಐ ರೇಂಜ್ (ಕಪ್ಪಿನಿಂದ ಬಿಳಿಯವರೆಗಿನ ಅಂಕಿಗಳ ವ್ಯಾಪ್ತಿ) ನೋಡಿ. ಒಂದು 16–235, ಇನ್ನೊಂದು 0–255 ಇದ್ದಾಗ ಹಾಗಾಗುತ್ತದೆ.

ಪದರ13:
ಗೆರೆ ಹೋಯಿತು. ಪಾಸ್ ಒತ್ತಿದರೆ ಸದ್ದು ನಿಲ್ಲುತ್ತದೆ, ಕಲೆಗಳ ಅಂಚೂ ದುಂಡಗೇ ಇದೆ. ಎರಡನ್ನೂ ಹಾಗೇ ಬಿಟ್ಟೆ. ಸಬ್‌ಟೈಟಲ್ ಈಗ ಕೊನೆಯವರೆಗೂ ಒಂದೇ ಸಮನಾಗಿ 1.2 ಸೆಕೆಂಡ್ ಮುಂಚೆ ಬರುತ್ತಿದೆ. ಟಿವಿಯಲ್ಲಿ ಒತ್ತಕ್ಷರ ಮಾತ್ರ ಹಾಗೇ ಇದೆ. ಕಂಪ್ಯೂಟರಿನಲ್ಲಿ ಒತ್ತಕ್ಷರ ಸರಿ, ಆದರೆ ‘ವೈರ್ಡ್‌ನಲ್ಲಿ’ (ವೈರ್ಡ್ ಅಂದರೆ ಸರಣಿಯ ಕಂಪ್ಯೂಟರ್ ಜಾಲ) ಎಂಬ ಪದದ ನಡುವೆ ಸಣ್ಣ ಚೌಕ ಕಾಣುತ್ತದೆ.

ಚೌಕಟ್ಟು:
ಅಂತರ ಒಂದೇ ಸಮ ಇದ್ದರೆ ಇಡೀ ಫೈಲನ್ನು 1.2 ಸೆಕೆಂಡ್ ತಡವಾಗಿ ಬರುವಂತೆ ತಳ್ಳಿ, ಮುಗಿಯಿತು. ಪ್ರತಿ ಕಂತಿನಲ್ಲೂ ಆರಂಭಗೀತೆಗೆ ಮುಂಚೆ ಒಂದು ದನಿ ಬಂದು ಜೋರಾಗಿ ನಗುತ್ತದಲ್ಲ, ಅದು ಥಟ್ಟನೆ ಶುರುವಾಗುವುದರಿಂದ ಸಬ್‌ಟೈಟಲ್ ಎಡಿಟ್‌ನ ವೇವ್‌ಫಾರ್ಮಿನಲ್ಲಿ (ಧ್ವನಿಯ ಅಲೆಚಿತ್ರ) ಎದ್ದು ಕಾಣುತ್ತದೆ. ಹದಿಮೂರಕ್ಕೂ ಅದನ್ನೇ ಗುರುತಾಗಿ ಹಿಡಿಯಿರಿ.

ಆ ಚೌಕ ಶೂನ್ಯ ಅಗಲದ ಅಕ್ಷರದ್ದು, ಯೂನಿಕೋಡ್ 200ಸಿ. ಅದನ್ನು ಅಳಿಸಿದರೆ ‘ವೈರ್ಡ್ನಲ್ಲಿ’ ಆಗಿ ಓದಲು ತೊಡಕು. ಅಕ್ಷರ ಇರಲಿ, ಫಾಂಟ್ ಬದಲಿಸಿ. ಎಎಸ್‌ಎಸ್ (ಫಾಂಟ್ ನಿಗದಿ ಮಾಡಬಹುದಾದ ಸಬ್‌ಟೈಟಲ್ ಫೈಲ್) ಸ್ಟೈಲಿನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟು, ವಿಡಿಯೊ, ಸಬ್‌ಟೈಟಲ್ ಒಂದೇ ಫೈಲಿಗೆ ಸೇರಿಸುವ ಎಂಕೆವಿ ಟೂಲ್‌ನಿಕ್ಸ್‌ನ ಅಟ್ಯಾಚ್‌ಮೆಂಟ್ಸ್ ಪುಟದಲ್ಲಿ ಫಾಂಟ್ ಫೈಲನ್ನೂ ಸೇರಿಸಿ. ಫೈಲ್ ಯುಟಿಎಫ್-8ರಲ್ಲೇ ಉಳಿಸಿ. ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ ಸಾಲುಗಳಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಟಿವಿಯೊಳಗಿನ ಪ್ಲೇಯರಿಗೆ ಒತ್ತು ಜೋಡಿಸುವ ವ್ಯವಸ್ಥೆ ಇಲ್ಲದಿದ್ದರೆ ಫಾಂಟ್ ಸೇರಿಸಿಯೂ ಉಪಯೋಗವಿಲ್ಲ. ಅದಕ್ಕೆಂದೇ ಬೇರೆ ಪ್ರತಿ ಮಾಡಿ, ಹ್ಯಾಂಡ್‌ಬ್ರೇಕ್‌ನಲ್ಲಿ ಬರ್ನ್ ಇನ್ ಗುರುತು ಹಾಕಿ ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚು ಮಾಡಿ. ಎರಡು ಸಾಲಿಗಿಂತ ಹೆಚ್ಚು ಬೇಡ. ಮೇಲಿನ ಸಾಲಿನಲ್ಲಿ ‘ಸ್ತ್ರೀ’, ಕೆಳಗಿನದರಲ್ಲಿ ‘ಕೀ’ ಬರೆದು ನೋಡಿ, ಒತ್ತು ಮತ್ತು ಗುಡಿಸು ಒಂದಕ್ಕೊಂದು ತಾಗದಿದ್ದರೆ ಅಳತೆ ಸರಿ ಇದೆ.