'ಎವೆರಿವೇರ್ ಅಟ್ ದಿ ಎಂಡ್ ಆಫ್ ಟೈಮ್': ಇದು ಡಿಮೆನ್ಷಿಯಾದ ನಿಜವಾದ ಚಿತ್ರಣವೇ?

ಪ್ರಶ್ನೆ

ಇಂಗ್ಲೆಂಡಿನ ಲೇಲ್ಯಾಂಡ್ ಕರ್ಬಿಯವರು 'ದಿ ಕೇರ್‌ಟೇಕರ್' ಎಂಬ ಹೆಸರಿನಲ್ಲಿ 2016ರಿಂದ 2019ರವರೆಗೆ ಆರು ಭಾಗಗಳಾಗಿ ಹೊರತಂದ, ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕ್ರಮೇಣ ಅಳಿಯುವ ಕಾಯಿಲೆ) ಹಂತಹಂತವಾಗಿ ಬೆಳೆಯುವುದನ್ನು ಚಿತ್ರಿಸುವ, ಸುಮಾರು ಆರೂವರೆ ಗಂಟೆಗಳ ಈ ಸಂಗೀತ ಕೃತಿಯನ್ನು ಕೇಳುತ್ತಿದ್ದೇನೆ. ಮೊದಲ ಮೂರು ಭಾಗಗಳಲ್ಲಿ ಹಳೆಯ ಬಾಲ್‌ರೂಂ (ಜೋಡಿ ನೃತ್ಯದ) ಸಂಗೀತದ ಧಾಟಿಗಳು ಗುರುತು ಸಿಗುತ್ತವೆ. ನಾಲ್ಕನೆಯದರಲ್ಲಿ ಎಲ್ಲವೂ ಕಲಸಿಹೋಗಿ ಬರೀ ಗದ್ದಲವಾಗುತ್ತದೆ. ಇದು ಕಾಯಿಲೆಯ ಪ್ರಾಮಾಣಿಕ ಚಿತ್ರಣವೇ, ಕೇಳುಗರನ್ನು ಬೆದರಿಸುವ ತಂತ್ರವೇ? ಮುಂದುವರಿಸಬೇಕೇ ಎಂದು ಯೋಚಿಸುತ್ತಿದ್ದೇನೆ.

ಉತ್ತರ 1

ದಯವಿಟ್ಟು ಮುಂದುವರಿಸಿ. ಮೊದಲ ಭಾಗ ಆರಂಭವಾಗುವುದು ಅಲ್ ಬೌಲಿ 1931ರಲ್ಲಿ ಹಾಡಿದ 'ಹಾರ್ಟೇಕ್ಸ್' ಗೀತೆಯ ಧ್ವನಿಮುದ್ರಿಕೆಯ ತುಣುಕಿನಿಂದ. ಅದೇ ಧಾಟಿ ಎರಡನೆಯ ಭಾಗದಲ್ಲಿ ಬೇರೊಂದು ಧ್ವನಿಮುದ್ರಣದಿಂದ ಬರುತ್ತದೆ, ಮೂರನೆಯದರಲ್ಲಿ ಇನ್ನಷ್ಟು ಕದಡಿಕೊಂಡು ಮರಳುತ್ತದೆ. ಹೀಗೆ ಮೂರು ಸಲ ಕಿವಿಗೆ ಬಿದ್ದ ಧಾಟಿಯನ್ನು ನಾಲ್ಕನೆಯ ಭಾಗದ ಗದ್ದಲದಲ್ಲಿ ನೀವೇ ಹುಡುಕತೊಡಗುತ್ತೀರಿ, ಸಿಕ್ಕಿತೆಂದುಕೊಂಡದ್ದು ಅದೇ ಹೌದೋ ಅಲ್ಲವೋ ಎಂಬ ಅನುಮಾನದಲ್ಲಿ ಉಳಿಯುತ್ತೀರಿ. ಕಳೆದುಹೋದದ್ದೇನೆಂದು ಬಲ್ಲ ಕೇಳುಗರಿಗೆ ಮಾತ್ರ ಆ ಗದ್ದಲಕ್ಕೆ ಅರ್ಥವಿದೆ. ಆದ್ದರಿಂದಲೇ ನಡುವಿನಿಂದ ಕೇಳುವವರಿಗೆ ಇದು ಬರಿಯ ಭಯಾನಕ ಶಬ್ದವೆನಿಸುತ್ತದೆ.

ಉತ್ತರ 2

ಮೇಲಿನವರು ರಚನೆಯ ಬಗ್ಗೆ ಹೇಳಿದ್ದು ಸರಿ. ಆದರೆ ಈ ಕಾಯಿಲೆಯಿದ್ದ ತಾಯಿಯವರನ್ನು ನೋಡಿಕೊಂಡವಳಾಗಿ ನನಗೊಂದು ತಕರಾರಿದೆ. ಇಲ್ಲಿ ಸಂಗೀತವೇ ಕರಗಿಹೋಗುತ್ತದೆ. ವಾಸ್ತವದಲ್ಲಿ ಬಹುಕಾಲದಿಂದ ಬಲ್ಲ ಹಾಡುಗಳು ಎಷ್ಟೋ ರೋಗಿಗಳಲ್ಲಿ ಇತರ ನೆನಪುಗಳಿಗಿಂತ ಹೆಚ್ಚು ದಿನ ಉಳಿಯುತ್ತವೆ. ಅಮ್ಮನಿಗೆ ನನ್ನ ಹೆಸರು ಮರೆತುಹೋಗಿತ್ತು, ಆದರೆ ದೇವರನಾಮದಲ್ಲಿ ನಾನು ಒಂದು ಸಾಲು ಬಿಟ್ಟು ಹಾಡಿದರೆ ಕೈಯೆತ್ತಿ ತಡೆದು, ಬಿಟ್ಟ ಸಾಲನ್ನು ತಾವೇ ಹಾಡುತ್ತಿದ್ದರು. ಬೆಳಿಗ್ಗೆ ನಿಚ್ಚಳವಾಗಿರುತ್ತಿದ್ದವರು ಸಂಜೆಗೆ ಗಲಿಬಿಲಿಗೊಳ್ಳುತ್ತಿದ್ದರು. ಆ ಏರಿಳಿತ ಆರು ಮೆಟ್ಟಿಲುಗಳ ಇಳಿಜಾರಿನಲ್ಲಿ ಹಿಡಿಯುವಂಥದ್ದಲ್ಲ. ಕರ್ಬಿಯವರದೇ 2011ರ 'ಆ್ಯನ್ ಎಂಪ್ಟಿ ಬ್ಲಿಸ್ ಬಿಯಾಂಡ್ ದಿಸ್ ವರ್ಲ್ಡ್' ಆಲ್ಬಂ ನನಗೆ ಹೆಚ್ಚು ನಿಜವೆನಿಸುತ್ತದೆ: ಅದರಲ್ಲಿ ಒಂದೇ ತುಣುಕು ಸುಖವಾಗಿ ಸುತ್ತುತ್ತಿದ್ದು, ಎಲ್ಲೋ ನಡುವೆ ತಟ್ಟನೆ ನಿಂತುಬಿಡುತ್ತದೆ.

ಉತ್ತರ 1

ನಿಮ್ಮ ಅನುಭವದ ಮುಂದೆ ವಾದಿಸಲಾರೆ, ತಾವು ಹೇಳಿದ ಏರಿಳಿತ ಇದರಲ್ಲಿ ವಿರಳವೆಂಬುದನ್ನು ಒಪ್ಪುತ್ತೇನೆ. ಆದರೂ ಕರ್ಬಿ ಕಾಯಿಲೆಯನ್ನು ಆರೋಪಿಸಿದ್ದು 'ಕೇರ್‌ಟೇಕರ್' ಎಂಬ ತಮ್ಮದೇ ಪಾತ್ರಕ್ಕೆ. ಆ ಪಾತ್ರಕ್ಕೆ ಹಳೆಯ ಧ್ವನಿಮುದ್ರಿಕೆಗಳ ಹೊರತು ಬೇರೆ ನೆನಪೇ ಇಲ್ಲದಿರುವುದರಿಂದ ಸವೆಯಲು ಅವಷ್ಟೇ ಇವೆ. ಪ್ರಶ್ನೆ ಕೇಳಿದವರು ಮೊದಲ ಮೂರು ಭಾಗಗಳನ್ನು ಒಂದೇ ಬೈಠಕ್ಕಿನಲ್ಲಿ ಮತ್ತೊಮ್ಮೆ ಕೇಳಿ, ಆಮೇಲೆ ನಾಲ್ಕನೆಯದಕ್ಕೆ ಹೋಗುವುದು ಒಳ್ಳೆಯದು.