ದೊಡ್ಡಪ್ಪ ಹಾಕಿದ ‘ಡೇ ಜೀರೋ’ (ಫ್ಯಾಮಿಲಿ ಗ್ರೂಪ್, ಮಾರ್ಚ್ 2024)

ದೊಡ್ಡಪ್ಪ: 🚨🚨 ಬೆಂಗಳೂರಿಗೆ ಡೇ ಜೀರೋ ಬಂದೇ ಬಿಡ್ತು!! ಇನ್ಮೇಲೆ ನಲ್ಲೀಲಿ ಹನಿ ನೀರೂ ಬರಲ್ಲ. ಎಲ್ಲರಿಗೂ ಕಳಿಸಿ 🙏

ಸುಹಾಸ್: ದೊಡ್ಡಪ್ಪ ಇದು ಸುಳ್ಳು. 2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನವರು ಡ್ಯಾಮ್ ನೀರು 13.5 ಪರ್ಸೆಂಟಿಗೆ ಇಳಿದ ದಿನ ಮನೆ ನಲ್ಲಿಗಳನ್ನ ಬಂದ್ ಮಾಡಿ ಊರಲ್ಲಿ ಸುಮಾರು 200 ಕಡೆ ಕ್ಯೂ ನಿಲ್ಲಿಸಿ ದಿನಕ್ಕೆ ತಲೆಗೆ 25 ಲೀಟರ್ ಕೊಡ್ತೀವಿ ಅಂದಿದ್ರಲ್ಲ, ಆ ದಿನದ ಹೆಸರು ಅದು. ಅಲ್ಲೂ ಆ ದಿನ ಬರ್ಲೇ ಇಲ್ಲ

ದೊಡ್ಡಪ್ಪ: ಹೆಸರು ಏನಾದ್ರೇನಪ್ಪ, ನೀರಿಲ್ಲ ತಾನೆ

ಸುಹಾಸ್: ನಿಮ್ಮನೇಲಿ ಇದ್ಯಲ್ಲ! ಜಯನಗರಕ್ಕೆ ಕಾವೇರಿ ಬರ್ತಾನೇ ಇದೆ 😄

ವಾಣಿ ಅತ್ತೆ: ನಗೋದಿದ್ರೆ ವೈಟ್‌ಫೀಲ್ಡಿಗೆ ಬಂದು ನಗು ಸುಹಾಸ. ಬೋರು ಬತ್ತೋಯ್ತು, ಕಾವೇರಿ ಲೈನ್ ಇಲ್ವೇ ಇಲ್ಲ, ಬೆಳಿಗ್ಗೆ ಎರಡು ಗಂಟೆ ಸಂಜೆ ಎರಡು ಗಂಟೆ ನೀರು ಬಿಡ್ತಾರೆ, ಟ್ಯಾಂಕರಿಗೆ 12 ಸಾವಿರ ಲೀಟರ್, 5 ಕಿಮೀ ಒಳಗೆ ಆದ್ರೆ 1000 ರೂಪಾಯಿ ಅಂತ ಜಿಲ್ಲಾಡಳಿತ ರೇಟ್ ಕಟ್ಟಿದೆ, ಆ ರೇಟ್ ಬಾಯಲ್ಲಿ ಬಂದ್ರೆ ಸಾಕು ಡ್ರೈವರ್ ಫೋನ್ ಇಟ್ಬಿಡ್ತಾನೆ. ಪಾತ್ರೆ ತೊಳೆದ ನೀರು ಬಕೆಟ್ಟಲ್ಲಿ ಹಿಡಿದು ಕಮೋಡಿಗೆ ಹುಯ್ತಿದೀನಿ. ನಂಗೆ ಇದೇ ಡೇ ಜೀರೋ

ಸುಹಾಸ್: ಸಾರಿ ಅತ್ತೆ. ಆದ್ರೆ ನನ್ ತಕರಾರೂ ಅದೇ. ಸರ್ಕಾರಿ ಬೋರು 13,900ರಲ್ಲಿ 6,900 ಬತ್ತಿವೆ ಅಂತ ಡಿಕೆಶಿನೇ ಹೇಳಿದಾರೆ, ಪೆಟ್ಟು ಬಿದ್ದಿರೋದು ಬೋರು ನಂಬ್ಕೊಂಡವರಿಗೆ, ಆಮೇಲೆ ಊರಿಗೆ ಸೇರಿಸ್ಕೊಂಡ 110 ಹಳ್ಳಿ ಕಡೆಗೆ. ಇಡೀ ಬೆಂಗಳೂರು ಒಣಗೋಯ್ತು ಅಂತ ಬರೆದ್ರೆ ನಿಮ್ ಕಷ್ಟ ಯಾರ ಕಣ್ಣಿಗೆ ಬೀಳುತ್ತೆ? 2020ಕ್ಕೇ 21 ಊರುಗಳ ಅಂತರ್ಜಲ ಖಾಲಿ ಅಂತ ನೀತಿ ಆಯೋಗದ ರಿಪೋರ್ಟ್ ಹೇಳಿತ್ತು, ನಮ್ದೂ ಲಿಸ್ಟಲ್ಲಿತ್ತು. 2020 ಬಂತು, ಹೋಯ್ತು

ಚಿಕ್ಕಪ್ಪ: ಹೆದರಿಸದೆ ಜನ ಬಗ್ಗಲ್ಲ ಕಣೋ. ತಾರೀಖು ಹೇಳಿ ಹೆದರಿಸಿದ್ದಕ್ಕೇ ಕೇಪ್‌ಟೌನಲ್ಲಿ ನೀರಿನ ಖರ್ಚು ಹೆಚ್ಚುಕಮ್ಮಿ ಅರ್ಧಕ್ಕಿಳಿದಿದ್ದು. ಇಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5000 ದಂಡ ಅಂದ್ರೂ ನಮ್ ಎದುರುಮನೆಯವ್ರು ಇವತ್ತೂ ಪೈಪ್ ಹಿಡ್ಕೊಂಡು ನಿಂತಿದ್ರು

ದೊಡ್ಡಪ್ಪ: ಅದಕ್ಕೇ ನಾನು ಹಾಕಿದ್ದು 👆

ಸುಹಾಸ್: ಅವ್ರು ಡ್ಯಾಮಲ್ಲಿ ಎಷ್ಟಿದೆ ಅಂತ ವಾರವಾರ ಲೆಕ್ಕ ಕೊಟ್ಟು ಹೆದರಿಸಿದ್ರು ಚಿಕ್ಕಪ್ಪ. ಈ ಫಾರ್ವರ್ಡಲ್ಲಿ ಇರೋದು ಎರಡು ಸೈರನ್ನು ಒಂದು ನಮಸ್ಕಾರ

ವಾಣಿ ಅತ್ತೆ: ಸಾಕು ನಿಲ್ಸಿ. ಅಣ್ಣಾ, ಶನಿವಾರ ಎರಡು ಚೀಲ ಬಟ್ಟೆ ತಗೊಂಡು ಜಯನಗರಕ್ಕೆ ಬರ್ತಿದೀನಿ, ಅತ್ತಿಗೆಗೆ ಹೇಳು ವಾಷಿಂಗ್ ಮೆಷಿನ್ ಖಾಲಿ ಇಟ್ಟಿರ್ಲಿ